ತೋಟದ ಜೀಪಿಗೆ ಹತ್ಯಾರು ಕೂರಿಸಿದ ಬಗೆ

ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಜೀಪು ಇರುವುದು ಜನರನ್ನು ಕೂರಿಸಿಕೊಂಡು ಓಡಾಡುವುದಕ್ಕೆ ಮಾತ್ರವಲ್ಲ. ಜೂನ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ದಾರಿಗೆ ಅಡ್ಡಲಾಗಿ ಸಿಲ್ವರ್ ಮರವೋ ಹಾಲುವಾಣವೋ ಬಿದ್ದರೆ ಗರಗಸ ಬೇಕು, ಮೋರಿ ಕಟ್ಟಿಕೊಂಡರೆ ಹಾರೆ, ಗುದ್ದಲಿ ಬೇಕು, ಕೊರಕಲಿನಲ್ಲಿ ಚಕ್ರ ಹೂತುಕೊಂಡರೆ ಜಾಕು, ಹಲಗೆ, ಸರಪಳಿ ಬೇಕು. ಇವೆಲ್ಲವೂ ಸಾಮಾನ್ಯವಾಗಿ ಜೀಪಿನ ಹಿಂಬದಿಯ ನೆಲದ ಮೇಲೆ, ಒಂದರ ಮೇಲೊಂದು, ಹಳೆಯ ಗೋಣಿಚೀಲದ ಕೆಳಗೆ ಬಿದ್ದಿರುತ್ತವೆ. ಅದೇ ನೆಲದ ಎರಡೂ ಬದಿಯ ಬೆಂಚುಗಳಲ್ಲಿ ಆಳುಗಳು ಕಾಲಿಟ್ಟು ಕೂರುತ್ತಾರೆ. ಕಟ್ಟದೆ ಬಿಟ್ಟ ಹಾರೆಯ ಮೊನೆ ಅವರ ಕಾಲಿನಿಂದ ಗೇಣು ದೂರದಲ್ಲಿರುತ್ತದೆ ಎಂಬುದೇ ಈ ಕೆಲಸಕ್ಕೆ ಕೈಹಾಕಲು ಸಾಕಾದ ಕಾರಣ.

ಜೀಪು ಮಹೀಂದ್ರಾ ಎಂಎಂ 540, ಡೀಸೆಲ್ ಎಂಜಿನ್ನಿನದು, ಕ್ಯಾನ್ವಾಸ್ ಹುಡ್‌ನದು. ಕಬ್ಬಿಣದ ಕೆಲಸವನ್ನು ಪೇಟೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿ, ಅಳತೆ, ಕೊರೆತ, ಜೋಡಣೆ, ಬಣ್ಣ ಎಲ್ಲವನ್ನೂ ತೋಟದ ಶೆಡ್ಡಿನಲ್ಲಿಯೇ ಮಾಡಿಕೊಂಡೆ. ಇದೇ ಬಗೆಯ ಗಾಡಿ ಇಟ್ಟುಕೊಂಡವರಿಗೆ ನೇರವಾಗಿ ಉಪಯೋಗಕ್ಕೆ ಬರಲಿ ಎಂದು ಅಳತೆಗಳನ್ನೂ, ಪ್ರತಿ ತೀರ್ಮಾನದ ಹಿಂದಿನ ಕಾರಣವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ತೂಕ

ಯಾವ ವಸ್ತುವನ್ನು ಎಲ್ಲಿ ಇಡಬೇಕೆಂದು ಯೋಚಿಸುವ ಮುನ್ನ ಎಲ್ಲವನ್ನೂ ಕಾಫಿ ತೂಗುವ ಕಾಟಾದ ಮೇಲಿಟ್ಟು ತೂಗಿದೆ. ಒಂದು ಅಂಗುಲ ದಪ್ಪದ, ಐದು ಅಡಿ ಉದ್ದದ ಹಾರೆ ಸುಮಾರು 6 ಕೆಜಿ. 48 ಅಂಗುಲದ ಹೈ-ಲಿಫ್ಟ್ ಜಾಕು (ಉದ್ದನೆಯ ಕಂಬದ ಮೇಲೆ ಹತ್ತುವ ಬಗೆಯದು) 13 ಕೆಜಿ. ಬ್ಲೇಡ್ ಸಮೇತ ಯಂತ್ರದ ಗರಗಸ 7 ಕೆಜಿ. ಪಿಕಾಸಿ 4 ಕೆಜಿ. ಕೊಡಲಿ, ಗುದ್ದಲಿ ತಲಾ 2 ಕೆಜಿ. 10 ಮಿಮೀ ದಪ್ಪದ ಐದು ಮೀಟರ್ ಸರಪಳಿ 11 ಕೆಜಿ. ಪಾನಾ, ಸುತ್ತಿಗೆ, ಪಂಕ್ಚರ್ ಸಾಮಾನು ಎಲ್ಲ ಸೇರಿ 15 ಕೆಜಿ. ಇಂಧನ ಬಿಟ್ಟು ಒಟ್ಟು 60 ಕೆಜಿ, ಎಂದರೆ ಸುಮಾರಾಗಿ ಒಬ್ಬ ಮನುಷ್ಯನ ತೂಕ. ಇದು ಜೀಪಿಗೆ ಭಾರವೇ ಅಲ್ಲ. ಆದರೆ ಈ ತೂಕ ಎಲ್ಲಿ ಕೂರುತ್ತದೆ ಎಂಬುದರ ಮೇಲೆ ಗಾಡಿಯ ನಡತೆ ಬದಲಾಗುತ್ತದೆ.

ಉದಾಹರಣೆಗೆ ಈ 60 ಕೆಜಿಯನ್ನು ಹಿಂದಿನ ಆಕ್ಸಲಿನಿಂದ 70 ಸೆಂಮೀ ಹಿಂದೆ, ಅಂದರೆ ಹಿಂಬಾಗಿಲಿನ ಹೊರಗೆ ನೇತುಹಾಕಿದರೆ, ಎರಡು ಆಕ್ಸಲುಗಳ ನಡುವೆ 2.3 ಮೀಟರ್ ಅಂತರವಿರುವ ಗಾಡಿಯಲ್ಲಿ ಮುಂದಿನ ಚಕ್ರಗಳಿಂದ ಸುಮಾರು 18 ಕೆಜಿ ಭಾರ ಎದ್ದುಹೋಗುತ್ತದೆ ಮತ್ತು ಹಿಂದಿನ ಆಕ್ಸಲಿನ ಮೇಲೆ 60ರ ಬದಲು 78 ಕೆಜಿ ಬೀಳುತ್ತದೆ. ಜಾರುವ ಏರಿನಲ್ಲಿ ಮುಂದಿನ ಚಕ್ರ ಹಿಡಿಯಬೇಕಾದ ಹೊತ್ತಿನಲ್ಲಿಯೇ ಅದನ್ನು ಹಗುರ ಮಾಡಿದಂತಾಯಿತು. ಹುಡ್‌ನ ಮೇಲೆ ಕ್ಯಾರಿಯರ್ ಕಟ್ಟಿಸಿ ಅಲ್ಲಿಟ್ಟರೆ ಇನ್ನೊಂದು ತೊಂದರೆ. ಚಕ್ರಗಳ ನಡುವಿನ ಅಗಲ 1.3 ಮೀಟರ್, ಗುರುತ್ವ ಕೇಂದ್ರದ ಎತ್ತರ 0.7 ಮೀಟರ್, ಗಾಡಿಯ ತೂಕ 1,400 ಕೆಜಿ ಎಂದು ಹಿಡಿದು ಲೆಕ್ಕ ಹಾಕಿದರೆ, 1.8 ಮೀಟರ್ ಎತ್ತರದಲ್ಲಿಟ್ಟ 60 ಕೆಜಿ ಗುರುತ್ವ ಕೇಂದ್ರವನ್ನು ನಾಲ್ಕೂವರೆ ಸೆಂಮೀ ಮೇಲೆತ್ತುತ್ತದೆ. ಗಾಡಿ ಮಗುಚುವ ಓರೆ ಸುಮಾರು 43 ಡಿಗ್ರಿಯಿಂದ 41ಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಎರಡೇ ಡಿಗ್ರಿ ಎನಿಸಬಹುದು, ಆದರೆ ಈ ಲೆಕ್ಕ ನಿಂತ ಗಾಡಿಯದು. ಓರೆ ದಾರಿಯಲ್ಲಿ ಒಂದು ಚಕ್ರ ಕಲ್ಲು ಹತ್ತಿ ಇಳಿಯುವಾಗ ಮೇಲಿನ ಭಾರ ತೂಗಾಡಿ ಸ್ಪ್ರಿಂಗನ್ನು ಒಂದು ಕಡೆಗೆ ಒತ್ತುತ್ತದೆ, ಉಳಿದ ಅಂತರ ಅಲ್ಲಿಯೇ ಖರ್ಚಾಗುತ್ತದೆ. ಆದ್ದರಿಂದ ಭಾರವಾದದ್ದೆಲ್ಲ ನೆಲಕ್ಕೆ ತಾಗಿಕೊಂಡು, ಎರಡು ಆಕ್ಸಲುಗಳ ನಡುವೆ ಇರಬೇಕು ಎಂದು ಆರಂಭದಲ್ಲಿಯೇ ನಿಶ್ಚಯಿಸಿದೆ.

ಹೊರಮೈಗೆ ಹತ್ಯಾರು ಕಟ್ಟುವ ಪದ್ಧತಿ ಜೀಪಿನಷ್ಟೇ ಹಳೆಯದು. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಎಡ ಮಗ್ಗುಲಲ್ಲಿ ಸಲಿಕೆ ಮತ್ತು ಕೊಡಲಿಯನ್ನು ಪಟ್ಟಿಯಿಂದ ಬಿಗಿದಿರುತ್ತಿದ್ದರು. 1947ರಿಂದ ಮಹೀಂದ್ರಾ ಇಲ್ಲಿ ಜೋಡಿಸತೊಡಗಿದ ಜೀಪುಗಳು ಆ ವಿಲ್ಲಿಸ್ ವಂಶದವೇ ಆದ್ದರಿಂದ, ಅದೇ ಜಾಗದಲ್ಲಿ ಹತ್ಯಾರು ಕಟ್ಟಿದ ಗಾಡಿಗಳನ್ನು ಈಗಲೂ ಕಾಣಬಹುದು. ನೋಟಕ್ಕೆ ಅದು ಚೆನ್ನಾಗಿಯೇ ಇದೆ. ಆದರೆ ಕಾಫಿ ಗಿಡಗಳ ಸಾಲಿನ ನಡುವೆ ಹೋಗುವಾಗ ಹೊರಗೆ ಚಾಚಿದ ಪ್ರತಿಯೊಂದು ತುದಿಯೂ ಗಿಡದ ರೆಕ್ಕೆಗೆ, ಎಂದರೆ ಪಕ್ಕದ ಕೊಂಬೆಗೆ, ಸಿಕ್ಕಿ ಫಸಲು ಉದುರಿಸುತ್ತದೆ, ಚಕ್ರ ಎರಚಿದ ಕೆಸರು ಕಾವಿನ ಸಂದಿಗೆ ನುಗ್ಗಿ ಮರ ಕೊಳೆಯುತ್ತದೆ, ಸಂತೆಯ ಇಕ್ಕಟ್ಟಿನಲ್ಲಿ ಕೊಡಲಿಯ ಬಾಯಿ ದಾರಿಹೋಕರ ಮೊಣಕಾಲಿನ ಮಟ್ಟದಲ್ಲಿರುತ್ತದೆ. ಹಾಗಾಗಿ ಎಲ್ಲವೂ ಒಳಗೇ ಇರಬೇಕು. ಪೆಟ್ರೋಲ್ ಕ್ಯಾನು ಮಾತ್ರ ಹೊರಗಿರಬೇಕು.

ಯಾವ ಕಡೆಗೆ ಹಾರುತ್ತದೆ ಎಂದು ನೋಡಿ ಹಿಡಿಯುವುದು

ತೋಟದ ಜೀಪು ಎರಡು ಬಗೆಯ ದಾರಿಯಲ್ಲಿ ಓಡುತ್ತದೆ ಎಂಬುದನ್ನು ಗಮನದಲ್ಲಿಟ್ಟುಕೊಂಡರೆ ಉಳಿದದ್ದು ತಾನಾಗಿ ತಿಳಿಯುತ್ತದೆ. ಟಾರು ರಸ್ತೆಯಲ್ಲಿ ಅಪಾಯ ಮುಂದಕ್ಕೆ. ಯೂರೋಪಿನ ಸರಕು ಬಿಗಿಯುವ ಮಾನದಂಡ ಇಎನ್ 12195-1ರ ಪ್ರಕಾರ ಮುಂದಿನ ದಿಕ್ಕಿಗೆ ಸರಕಿನ ತೂಕದ 0.8 ಪಾಲಿನಷ್ಟು, ಹಿಂದಕ್ಕೆ ಮತ್ತು ಪಕ್ಕಕ್ಕೆ 0.5 ಪಾಲಿನಷ್ಟು ಬಲವನ್ನು ಕಟ್ಟು ತಡೆಯಬೇಕು. 13 ಕೆಜಿಯ ಜಾಕಿಗೆ ಅದು ಸುಮಾರು 10 ಕೆಜಿಯ ತಳ್ಳು, ಒಂದು ಹಗ್ಗ ಸಾಕು. ಆದರೆ ಇದು ಬ್ರೇಕಿನ ಲೆಕ್ಕ, ಡಿಕ್ಕಿಯದಲ್ಲ. ಗಂಟೆಗೆ 50 ಕಿಮೀ ವೇಗದಲ್ಲಿ ಹೋಗುತ್ತಿರುವ ಗಾಡಿ ಮರಕ್ಕೆ ಗುದ್ದಿ ಒಂದು ಮೀಟರಿನೊಳಗೆ ನಿಂತರೆ ಸರಾಸರಿ ಬಲ ತೂಕದ ಹತ್ತು ಪಟ್ಟಿನ ಸಮೀಪ ಬರುತ್ತದೆ. ಅದೇ ಜಾಕು ಆಗ 130 ಕೆಜಿಯಂತೆ ಮುಂದಿನ ಸೀಟಿನ ಬೆನ್ನಿಗೆ ಅಪ್ಪಳಿಸುತ್ತದೆ.

ತೋಟದ ದಾರಿಯಲ್ಲಿ ವೇಗವೇ ಇಲ್ಲ, ಆದರೆ ಅಲ್ಲಿ ನೆಲವೇ ಕೆಳಗಿನಿಂದ ಜಾರಿಹೋಗುತ್ತದೆ. ಹಿಂಚಕ್ರ ಹೊಂಡಕ್ಕೆ ಬಿದ್ದಾಗ ಜೀಪಿನ ನೆಲ ತಟ್ಟನೆ ಕೆಳಗಿಳಿಯುತ್ತದೆ, ಅದರ ಮೇಲಿದ್ದ ವಸ್ತು ಒಂದು ಕ್ಷಣ ತೂಕವಿಲ್ಲದಂತಾಗುತ್ತದೆ. ಆ ಕ್ಷಣದಲ್ಲಿ ನೆಲದ ಮೇಲಿನ ಒತ್ತಡವೇ ಇರುವುದಿಲ್ಲವಾದ್ದರಿಂದ ಘರ್ಷಣೆಯನ್ನು ನಂಬಿ ನಿಲ್ಲಿಸಿದ ಸಾಮಾನು ಮೇಲಕ್ಕೂ ಪಕ್ಕಕ್ಕೂ ಏಕಕಾಲದಲ್ಲಿ ಸರಿಯುತ್ತದೆ. ಟಾರು ರಸ್ತೆಯಲ್ಲಿ ವರ್ಷಗಟ್ಟಲೆ ಅಲ್ಲಾಡದ ಕಟ್ಟು ತೋಟದ ಎರಡು ತಿರುವಿನಲ್ಲಿ ಸಡಿಲವಾಗುವುದಕ್ಕೆ ಇದೇ ಕಾರಣ.

ಇದರಿಂದ ನಾನು ಹಿಡಿದ ದಾರಿ ಇಷ್ಟು: ಪ್ರತಿ ಹತ್ಯಾರನ್ನೂ ಅದರ ಆಕಾರಕ್ಕೆ ಹೊಂದುವ ಗೂಡಿನಲ್ಲಿ ಕೂರಿಸಬೇಕು, ಮುಂದಕ್ಕೆ ಹೋಗದಂತೆ ಕಬ್ಬಿಣವೇ ಅಡ್ಡ ನಿಲ್ಲಬೇಕು, ಪಟ್ಟಿ, ರಬ್ಬರು, ಹಗ್ಗಗಳ ಕೆಲಸ ಆ ಗೂಡಿನಿಂದ ಅದು ಮೇಲೇಳದಂತೆ ಅದುಮುವುದಷ್ಟೇ ಆಗಿರಬೇಕು. ಪಟ್ಟಿ ಸ್ವಲ್ಪ ಸಡಿಲವಾದರೂ ಹತ್ಯಾರು ಜಾಗ ಬಿಡುವುದಿಲ್ಲ.

ಕೊರೆಯುವುದು, ಬಿಗಿಯುವುದು

ವೆಲ್ಡಿಂಗ್ ಅಂಗಡಿಯ ಹುಡುಗ ಚಟುವಟಿಕೆಯವನು. ಗಾಡಿ ನೋಡಿದ ಕೂಡಲೇ, “ಬೋಲ್ಟ್ ಎಲ್ಲ ಯಾಕೆ ಸಾರ್, ಶೀಟಿಗೇ ನಾಲ್ಕು ಟ್ಯಾಕ್ ಹೊಡೆದುಬಿಡ್ತೀನಿ, ಅಲ್ಲಾಡೋದೇ ಇಲ್ಲ” ಎಂದ. “ಬೇಡ ಮಾರಾಯ, ಬ್ರಾಕೆಟ್ ಮಾತ್ರ ಮಾಡಿಕೊಡು, ಗಾಡಿಗೆ ರಾಡು ಮುಟ್ಟಿಸೋದು ಬೇಡ” ಎಂದೆ. ಜೀಪಿನ ತೊಟ್ಟಿಯ ತಗಡು ತೆಳ್ಳಗಿನದು. ಅದಕ್ಕೆ ದಪ್ಪ ಪಟ್ಟಿಯನ್ನು ಬೆಸೆದರೆ ಅದುರಾಟದ ಬಲವೆಲ್ಲ ಬೆಸುಗೆಯ ಅಂಚಿನಲ್ಲಿ ಕೂಡಿ, ಅಲ್ಲಿಂದ ಸಣ್ಣ ಬಿರುಕು ಹೊರಟು ಬೆಳೆಯುತ್ತದೆ. ಜೊತೆಗೆ ಒಳಮೈಯ ಬಣ್ಣ ಸುಟ್ಟು, ಕೈ ತಲುಪದ ಕಡೆ ತುಕ್ಕು ಹಿಡಿಯುತ್ತದೆ. ಗಾಡಿಯ ಮೇಲೆಯೇ ಬೆಸುಗೆ ಅನಿವಾರ್ಯವಾದರೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಬೇಕು, ಇಲ್ಲದಿದ್ದರೆ ಆಲ್ಟರ್ನೇಟರಿನ ಡಯೋಡು ಸುಡಬಹುದು.

ನೆಲದ ತಗಡಿನ ಕೆಳಗೆ ಅಡ್ಡಲಾಗಿ ಹಾಯ್ದಿರುವ ಚಾನಲ್‌ಗಳನ್ನು ಗಾಡಿಯಡಿ ಮಲಗಿ ಸೀಮೆಸುಣ್ಣದಿಂದ ಗುರುತಿಸಿದೆ, ಬ್ರೇಕ್ ಪೈಪು, ಡೀಸೆಲ್ ಪೈಪು, ಹಿಂದಿನ ದೀಪದ ವೈರುಗಳ ಹಾದಿಯನ್ನೂ ಗುರುತಿಸಿಕೊಂಡೆ. ಬೋಲ್ಟುಗಳು ಆದಷ್ಟೂ ಚಾನಲಿನ ಮೂಲಕವೇ ಹಾಯುವಂತೆ ತೂತುಗಳ ಜಾಗ ನಿರ್ಧರಿಸಿದೆ. ಚಾನಲ್ ಸಿಗದ ಕಡೆ ತಗಡಿನ ಕೆಳಗೆ 75 ಮಿಮೀ ಚೌಕದ, 5 ಮಿಮೀ ದಪ್ಪದ ಕಬ್ಬಿಣದ ತಟ್ಟೆಯನ್ನು ಕೊಟ್ಟೆ. ಸಣ್ಣ ವಾಷರಿನ ಮೇಲೆ ನಂಬಿಕೆ ಇಡಬಾರದು. ಎಳೆತ ಜೋರಾದಾಗ ಬೋಲ್ಟು ತುಂಡಾಗುವುದಕ್ಕೆ ಬಹಳ ಮೊದಲೇ ತೆಳ್ಳಗಿನ ತಗಡು ವಾಷರಿನ ಸುತ್ತ ಹರಿದು, ಬೋಲ್ಟು ವಾಷರ್ ಸಮೇತ ಮೇಲೆ ಬಂದುಬಿಡುತ್ತದೆ. ತಟ್ಟೆಯ ಮೂಲೆಗಳನ್ನು ಗ್ರೈಂಡರಿನಿಂದ ದುಂಡಗೆ ಮಾಡಿದೆ, ಏಕೆಂದರೆ ಚೂಪು ಮೂಲೆಯೇ ತಗಡನ್ನು ಕೊಯ್ಯುವ ಉಳಿಯಾಗುತ್ತದೆ.

ಬೋಲ್ಟುಗಳೆಲ್ಲ ಗಟ್ಟಿ ಉಕ್ಕಿನ 8.8 ದರ್ಜೆಯವು, ನಟ್ಟುಗಳು ನೈಲಾನ್ ಬಳೆಯುಳ್ಳ ನೈಲಾಕ್ ನಟ್ಟುಗಳು. ಎಂ8 ಬೋಲ್ಟನ್ನು 25 ನ್ಯೂಟನ್ ಮೀಟರ್, ಎಂ10 ಬೋಲ್ಟನ್ನು 45 ನ್ಯೂಟನ್ ಮೀಟರ್ ಬಿಗಿತಕ್ಕೆ ಟಾರ್ಕ್ ಪಾನಾದಿಂದ ತಿರುಗಿಸಿದೆ. ಚಾನಲಿನ ಟೊಳ್ಳಿನ ಮೂಲಕ ಬೋಲ್ಟು ಹಾಯುವ ಕಡೆ ಒಳಗೆ ಕೊಳವೆಯ ತುಂಡನ್ನು ಇಟ್ಟರೆ ಮಾತ್ರ ಈ ಬಿಗಿತ ಕೊಡಬಹುದು, ಇಲ್ಲವಾದರೆ ಚಾನಲೇ ಚಪ್ಪಟೆಯಾಗಿ ಬಿಗಿತ ಎಂದಿಗೂ ನಿಲ್ಲುವುದಿಲ್ಲ. ಕೊರೆದ ಪ್ರತಿ ತೂತಿನ ಅಂಚಿಗೂ ಅಂದೇ ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ, ಬೋಲ್ಟು ಹಾಕುವಾಗ ಗ್ರೀಸು ಸವರಿದೆ. ನಮ್ಮ ಕಡೆಯ ಮಳೆಗಾಲದಲ್ಲಿ ಬಣ್ಣವಿಲ್ಲದ ಅಂಚು ಒಂದು ವಾರದಲ್ಲಿ ಕೆಂಪಾಗುತ್ತದೆ. ಅಲ್ಯೂಮಿನಿಯಂ ಚೆಕರ್ ಶೀಟನ್ನು ನೆಲಕ್ಕೆ ಹಾಸಬೇಕೆಂದು ಹಲವರು ಸೂಚಿಸಿದರು. ಕಬ್ಬಿಣದ ಮೇಲೆ ಅಲ್ಯೂಮಿನಿಯಂ ನೇರವಾಗಿ ಕೂತು ನಡುವೆ ನೀರು ನಿಂತರೆ ಎರಡು ಲೋಹಗಳ ನಡುವಿನ ವಿದ್ಯುತ್ ರಾಸಾಯನಿಕ ಕ್ರಿಯೆಯಿಂದ ಅಲ್ಯೂಮಿನಿಯಂ ಪುಡಿಯಾಗುತ್ತದೆ, ಅಡಿಯಲ್ಲಿ ನಿಂತ ತೇವ ಕಬ್ಬಿಣವನ್ನೂ ಬಿಡುವುದಿಲ್ಲ. ಅದನ್ನು ಕೈಬಿಟ್ಟು ದಪ್ಪ ರಬ್ಬರ್ ಹಾಸನ್ನು ಆಯ್ದುಕೊಂಡೆ. ಅದನ್ನು ಎತ್ತಿ ತೊಳೆದು ಒಣಗಿಸಬಹುದು.

ಹಾರೆಯ ಕೊಳವೆ ಮತ್ತು ಜಾಕಿನ ಕಟ್ಟೆ

ಇಡೀ ಕೆಲಸದಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟಿರುವುದು ಹಾರೆಯ ಗೂಡು. ಎಡ ಬೆಂಚಿನ ಕೆಳಗೆ, ಚಕ್ರದ ಗೂಡನ್ನು ಒರಗಿಕೊಂಡು, ಹಾರೆಯ ಮೊನೆ ಮುಂದಿನ ಸೀಟಿನ ಅಡಿಗೆ ತೂರುವಂತೆ ಅದನ್ನು ಉದ್ದಕ್ಕೆ ಮಲಗಿಸಿದೆ. ಮುಂತುದಿಗೆ ಒಂದೂವರೆ ಅಂಗುಲದ ಜಿಐ ಪೈಪಿನ ಒಂದು ಅಡಿ ತುಂಡು. ಅದರ ಮುಂದಿನ ಬಾಯಿಯನ್ನು 6 ಮಿಮೀ ತಟ್ಟೆಯಿಂದ ಮುಚ್ಚಿ ಬೆಸೆಸಿದೆ. ಡಿಕ್ಕಿಯಾದರೆ ಹಾರೆಯ ಬಲವೆಲ್ಲ ಆ ತಟ್ಟೆಯ ಮೇಲೆ ಬಿದ್ದು, ಅಲ್ಲಿಂದ ಎರಡು ಎಂ10 ಬೋಲ್ಟುಗಳ ಮೂಲಕ ಚಾನಲಿಗೆ ಹೋಗುತ್ತದೆ. ಪೈಪಿನ ಅಡಿಭಾಗದಲ್ಲಿ 6 ಮಿಮೀ ತೂತು ಕೊರೆದದ್ದು ನೀರು, ಮಣ್ಣು ಇಳಿದುಹೋಗಲೆಂದು. ಹಿಂತುದಿ ಯು ಆಕಾರದ ತೊಟ್ಟಿಲಿನಲ್ಲಿ ಕೂರುತ್ತದೆ, ಅದರ ಮೇಲೆ ಕೀಲುಳ್ಳ ಕಬ್ಬಿಣದ ಮುಚ್ಚಳ ಬಿದ್ದು, ಮುಚ್ಚಳಕ್ಕೆ ಒಂದು ಪಿನ್ನು. ಪಿನ್ನಿಗೆ ಸಣ್ಣ ಸರಪಳಿ ಹಾಕಿ ಬೆಂಚಿನ ಕಾಲಿಗೆ ಸಿಕ್ಕಿಸಿರುವುದರಿಂದ ಕತ್ತಲಲ್ಲಿ ಅದು ಕೆಸರಿಗೆ ಬಿದ್ದು ಕಳೆಯುವುದಿಲ್ಲ. ಪಿನ್ನು ತೆಗೆದು, ಮುಚ್ಚಳ ಎತ್ತಿ, ಹಾರೆಯನ್ನು ಹಿಂದಕ್ಕೆ ಎಳೆದರೆ ಹಿಂಬಾಗಿಲಿನಿಂದಲೇ ಕೈಗೆ ಬರುತ್ತದೆ. ಗಾಡಿಯಲ್ಲಿ ಕೂತವರನ್ನು ಎಬ್ಬಿಸಬೇಕಿಲ್ಲ.

ಕೊಳವೆಯೊಳಗೆ ಹಾರೆ ಕಟಕಟ ಎನ್ನದಂತೆ ಲಾರಿ ಟ್ಯೂಬಿನ ತುಂಡನ್ನು ಸುತ್ತಿ ಒಳಗೆ ಅಂಟಿಸಿದೆ. ಶಬ್ದ ಕೇವಲ ಕಿರಿಕಿರಿಯಲ್ಲ. ಶಬ್ದ ಬರುತ್ತಿದೆ ಎಂದರೆ ಲೋಹಕ್ಕೆ ಲೋಹ ಬಡಿಯುತ್ತಿದೆ, ಬಣ್ಣ ಎದ್ದುಹೋಗುತ್ತಿದೆ, ನಟ್ಟು ಸಡಿಲವಾಗುವ ಕೆಲಸ ಶುರುವಾಗಿದೆ ಎಂದೇ ಅರ್ಥ.

ಹೈ-ಲಿಫ್ಟ್ ಜಾಕಿನ ಕಂಬದಲ್ಲಿ ಉದ್ದಕ್ಕೂ ತೂತುಗಳಿರುವುದು ಕೂರಿಸುವವರಿಗೆ ದೊಡ್ಡ ಅನುಕೂಲ. ಬಲ ಚಕ್ರದ ಗೂಡಿನ ಒಳಮೈಗೆ ಸಮಾನಾಂತರವಾಗಿ 40 ಮಿಮೀ ಅಗಲ, 5 ಮಿಮೀ ದಪ್ಪದ ಪಟ್ಟಿಯೊಂದನ್ನು ನಿಲ್ಲಿಸಿ, ಅದರ ಎರಡೂ ಕಾಲುಗಳನ್ನು ನೆಲದ ಚಾನಲಿಗೆ ಬಿಗಿದೆ. ಪಟ್ಟಿಯಿಂದ ಹೊರಬಂದ ಎರಡು ಗೂಟಗಳು ಜಾಕಿನ ತೂತುಗಳೊಳಗೆ ಸೇರುತ್ತವೆ. ಗೂಟದ ಹೊರತುದಿಗೆ ರೆಕ್ಕೆನಟ್ಟು, ಅದರಾಚೆ ಅಡ್ಡತೂತಿಗೆ ಆರ್ ಆಕಾರದ ಕ್ಲಿಪ್ಪು. ರೆಕ್ಕೆನಟ್ಟು ಎಷ್ಟು ಬಿಗಿದರೂ ಅದುರಾಟಕ್ಕೆ ಕಳಚಿಕೊಳ್ಳುವ ಸ್ವಭಾವದ್ದು. ಕ್ಲಿಪ್ಪು ಇದ್ದರೆ ಅದು ಸಡಿಲವಾಗಬಹುದೇ ಹೊರತು ಬಿದ್ದುಹೋಗಲಾರದು. ಜಾಕಿನ ಹಿಡಿಕೆಯನ್ನು ಕಂಬಕ್ಕೆ ರಬ್ಬರ್ ಪಟ್ಟಿಯಿಂದ ಬಿಗಿಯಲೇಬೇಕು. ಬಂಪರಿನ ಮೇಲೆ ಜಾಕು ಕಟ್ಟಿದ ಗಾಡಿಗಳಲ್ಲಿ ಮೇಲೇರುವ ಕೀಲಿನೊಳಗೆ ಮಣ್ಣು ತುಂಬಿ, ಬೇಕಾದ ಹೊತ್ತಿಗೆ ಪಿನ್ನು ಏಳದೆ ಹೋಗುತ್ತದೆ. ಒಳಗಿಟ್ಟರೂ ಮಳೆಗಾಲದಲ್ಲಿ ಆಗಾಗ ತೆಳು ಎಣ್ಣೆ ಬಿಡಬೇಕು.

ಕೊಡಲಿ, ಗುದ್ದಲಿ, ಪಿಕಾಸಿಗಳಿಗೆ ಅಂಗಡಿಯಲ್ಲಿ ಸಿಗುವ ರಬ್ಬರ್ ಕ್ಲಾಂಪುಗಳನ್ನು ಬಳಸಿದೆ. ಇವು ಚೆನ್ನಾಗಿವೆ, ಆದರೆ ಒಂದು ಮಾತನ್ನು ಗಮನಿಸಬೇಕು: ರಬ್ಬರಿನ ಬಾಲವನ್ನು ಎಳೆಯುವ ದಿಕ್ಕಿಗೆ ಹತ್ಯಾರಿನ ತೂಕ ಬೀಳಕೂಡದು. ತೂಕ ಯಾವಾಗಲೂ ಕ್ಲಾಂಪಿನ ಅಡಿಗಟ್ಟಿನ ಮೇಲೆ ಬೀಳುವಂತೆ ಕೂರಿಸಿ, ತಲೆಯ ಭಾಗಕ್ಕೆ ಪ್ರತ್ಯೇಕವಾಗಿ ಆಂಗಲ್ ಕಬ್ಬಿಣದ ಆಸರೆ ಕೊಡಬೇಕು. ಕೊಡಲಿಯ ಬಾಯಿಗೆ ಹಳೆಯ ಟೈರಿನ ತುಂಡನ್ನು ಸೀಳಿ ಒರೆ ಮಾಡಿದೆ. ಬಿಸಿಲಿಗೆ ರಬ್ಬರು ಬಿರುಕು ಬಿಡುತ್ತದೆ. ಬಾಲವನ್ನು ಬಾಗಿಸಿದಾಗ ಕೂದಲೆಳೆಯಂಥ ಗೆರೆ ಕಂಡರೆ ಬದಲಾಯಿಸುವುದೇ ಸರಿ.

ಪೆಟ್ಟಿಗೆ, ಬೆಲ್ಟು, ಮೂಟೆ

ಗರಗಸ, ಸರಪಳಿ, ಪಾನಾಗಳಿಗೆ 12 ಮಿಮೀ ಮೆರೈನ್ ಪ್ಲೈವುಡ್ಡಿನ ಒಂದು ಪೆಟ್ಟಿಗೆ ಮಾಡಿಸಿದೆ. ತುಂಬಿದ ಮೇಲೆ ಪೆಟ್ಟಿಗೆಯ ತೂಕವೂ ಸೇರಿ 45 ಕೆಜಿ. ಬೇಕಾದಾಗ ಇಳಿಸಿಡುವಂತಿರಬೇಕು ಎಂಬ ಕಾರಣಕ್ಕೆ ಇದನ್ನು ಬೋಲ್ಟಿನಿಂದ ಬಿಗಿಯದೆ ಬೆಲ್ಟಿನಿಂದ ಕಟ್ಟುವುದೆಂದು ಮಾಡಿದೆ. ಇಲ್ಲಿ ಘರ್ಷಣೆಯ ಲೆಕ್ಕ ಬಹಳ ಉಪಯೋಗಕ್ಕೆ ಬಂತು. ಬರಿಯ ತಗಡಿನ ಮೇಲೆ ಮರದ ಘರ್ಷಣಾಂಕ ಸುಮಾರು 0.3. ಬ್ರೇಕಿನ 0.8 ಪಾಲಿನ ತಳ್ಳಿನಲ್ಲಿ 0.3 ಪಾಲನ್ನು ಪೆಟ್ಟಿಗೆಯ ತೂಕವೇ ತಡೆಯುತ್ತದೆ, ಉಳಿದ 0.5 ಪಾಲು, ಎಂದರೆ 22.5 ಕೆಜಿಯನ್ನು ತಡೆಯಲು ಬೆಲ್ಟು ಪೆಟ್ಟಿಗೆಯನ್ನು 75 ಕೆಜಿ ಬಲದಿಂದ ಕೆಳಕ್ಕೆ ಅದುಮಬೇಕು. ಅಡಿಯಲ್ಲಿ ಜಾರದ ರಬ್ಬರ್ ಹಾಸಿದ್ದರೆ ಘರ್ಷಣಾಂಕ ಸುಮಾರು 0.6 ಆಗುತ್ತದೆ, ಆಗ ಉಳಿಯುವುದು 0.2 ಪಾಲು, 9 ಕೆಜಿ ಮಾತ್ರ, ಅದಕ್ಕೆ 15 ಕೆಜಿಯ ಅದುಮು ಸಾಕು. ಒಂದು ರಬ್ಬರ್ ಹಾಸು ಬೆಲ್ಟಿನ ಕೆಲಸವನ್ನು ಐದನೇ ಒಂದು ಪಾಲಿಗೆ ಇಳಿಸಿತು. ಇಷ್ಟಾದರೂ ಪೆಟ್ಟಿಗೆಯ ಮುಂದೆ ನೆಲಕ್ಕೆ ಆಂಗಲ್ ಕಬ್ಬಿಣದ ಅಡ್ಡಪಟ್ಟಿಯನ್ನು ಬಿಗಿದಿದ್ದೇನೆ, ಹೊಂಡದಲ್ಲಿ ಘರ್ಷಣೆ ಮಾಯವಾಗುವ ಕ್ಷಣಕ್ಕೆ ಅದೇ ಉತ್ತರ.

ಬೆಲ್ಟು ಕಟ್ಟಲು ನೆಲದಲ್ಲಿ ಆರು ಕಡೆ ಮಡಚುವ ಡಿ-ಬಳೆಗಳಿವೆ. ಬೆಲ್ಟು ನೆಟ್ಟಗೆ ಕೆಳಗಿಳಿದಷ್ಟೂ ಅದುಮುವ ಬಲ ಹೆಚ್ಚು. ನೆಲದೊಂದಿಗೆ 30 ಡಿಗ್ರಿ ಕೋನದಲ್ಲಿ ಓರೆಯಾಗಿ ಹೋದರೆ ಅರ್ಧ ಬಲ ಮಾತ್ರ ಕೆಳಕ್ಕೆ ಸಿಗುತ್ತದೆ. ಆದ್ದರಿಂದ ಪೆಟ್ಟಿಗೆಯ ಬಳೆಗಳನ್ನು ಅದರ ಮಗ್ಗುಲಿಗೆ ಆದಷ್ಟು ಹತ್ತಿರ ಕೂರಿಸಿದೆ. ಈ ಬಳೆಗಳು ಸಾಮಾನು ಕಟ್ಟಲು ಮಾತ್ರ. ಹೂತ ಗಾಡಿಯನ್ನು ಎಳೆಯುವ ಹಗ್ಗವನ್ನು ಇವಕ್ಕೆ ಎಂದಿಗೂ ಸಿಕ್ಕಿಸಕೂಡದು. ಎಳೆತದ ಬಲಕ್ಕೆ ಚಾಸಿಸ್ಸಿಗೆ ಬಿಗಿದ ಕೊಂಡಿಯೇ ಬೇಕು, ಕಿತ್ತುಬಂದ ಬಳೆ ಗುಂಡಿನಂತೆ ಹಾರುತ್ತದೆ.

ರ್ಯಾಚೆಟ್ ಬೆಲ್ಟು ಕೊಳ್ಳುವಾಗ ಎಲ್ಲರೂ ನೋಡುವುದು ಅದು ಎಷ್ಟು ಟನ್ನಿಗೆ ತುಂಡಾಗುತ್ತದೆ ಎಂಬುದನ್ನು. ಮೇಲಿನಿಂದ ಅದುಮಿ ಕಟ್ಟುವ ಕೆಲಸಕ್ಕೆ ಆ ಅಂಕಿ ಮುಖ್ಯವಲ್ಲ. ಕೈಯಿಂದ ಹಿಡಿಕೆ ಎಳೆದಾಗ ಬೆಲ್ಟಿನಲ್ಲಿ ಎಷ್ಟು ಬಿಗಿತ ಉಳಿಯುತ್ತದೆ ಎಂಬುದು ಮುಖ್ಯ. ಯೂರೋಪಿನ ಮಾನದಂಡದ ಬೆಲ್ಟಿನ ಚೀಟಿಯಲ್ಲಿ ಇದನ್ನು ಎಸ್‌ಟಿಎಫ್ ಎಂದು ಬೇರೆಯಾಗಿ ಮುದ್ರಿಸಿರುತ್ತಾರೆ, ಅದು ತಡೆಯುವ ಬಲದ ಒಂದು ಸಣ್ಣ ಪಾಲಷ್ಟೇ ಆಗಿರುತ್ತದೆ. ಚೀಟಿ ನೀಲಿಯಾಗಿದ್ದರೆ ಪಾಲಿಯೆಸ್ಟರ್, ಹಸಿರಾಗಿದ್ದರೆ ನೈಲಾನ್, ಕಂದಾಗಿದ್ದರೆ ಪಾಲಿಪ್ರೊಪಿಲೀನ್. ಮಲೆನಾಡಿಗೆ ಪಾಲಿಯೆಸ್ಟರೇ ಸರಿ: ನೈಲಾನ್ ನೀರು ಕುಡಿದು ಹಿಗ್ಗುತ್ತದೆ, ಬೆಳಿಗ್ಗೆ ಬಿಗಿದದ್ದು ಮಳೆ ನೆನೆದ ಮೇಲೆ ಸಡಿಲವಾಗಿರುತ್ತದೆ. ಹಿಡಿಕೆಗೆ ಪೈಪು ಸಿಕ್ಕಿಸಿ ಬಿಗಿಯಬಾರದು. ಪೆಟ್ಟಿಗೆಯ ಮೂಲೆಯಲ್ಲಿ ಬೆಲ್ಟಿನ ಅಡಿಗೆ ಟ್ಯೂಬಿನ ತುಂಡಿಡಬೇಕು. ತೆರೆದ ಗಾಳಿಯಲ್ಲಿ ಹಾಯುವ ಉದ್ದಕ್ಕೆ ಒಂದು ಅರ್ಧ ತಿರುಚು ಕೊಟ್ಟರೆ ಅದು ಪಟಪಟ ಹೊಡೆದುಕೊಳ್ಳುವುದಿಲ್ಲ.

ಕೊಯ್ಲಿನ ಕಾಲದಲ್ಲಿ ಪೆಟ್ಟಿಗೆ ಇಳಿಸಿ ಕಾಫಿ ಮೂಟೆ ಹೇರುತ್ತೇವೆ. ಮೂಟೆ ಗಟ್ಟಿ ವಸ್ತುವಲ್ಲ, ಅಲ್ಲಾಡಿದಂತೆ ಒಳಗಿನ ಕಾಯಿ ಕುಳಿತು ಎತ್ತರ ಇಳಿಯುತ್ತದೆ. ಹಾಗಾಗಿ ಕಣದಲ್ಲಿ ಬಿಗಿದ ಬೆಲ್ಟನ್ನು ತೋಟದ ಗೇಟಿನ ಬಳಿ, ಟಾರು ರಸ್ತೆಗೆ ಏರುವ ಮುನ್ನ, ನಿಲ್ಲಿಸಿ ಮತ್ತೆ ಬಿಗಿಯುವುದು ಕಡ್ಡಾಯ. ಕೆಳಗಿನ ಸಾಲಿನ ಮೂಟೆಗಳು ಚಕ್ರದ ಗೂಡುಗಳ ನಡುವೆ ಒತ್ತಾಗಿ ಕೂರಬೇಕು, ಮೇಲಿನ ಸಾಲು ಎರಡು ಮೂಟೆಗಳ ಸಂದಿಯ ಮೇಲೆ ಬರಬೇಕು, ಎಲ್ಲದರ ಮೇಲೆ ಬಲೆ. ಹಿಂಬಾಗಿಲಿನ ಸರಪಳಿಗೆ ಮೂಟೆಯ ಭಾರ ಒರಗಲು ಬಿಡಬಾರದು. ಹಗ್ಗವೇ ಬಳಸುವುದಾದರೆ ಲಾರಿಯವರು ಹಾಕುವ, ನಡುವೆ ಕುಣಿಕೆ ಮಾಡಿ ಅದರೊಳಗಿಂದ ಎಳೆದು ಬಿಗಿಯುವ ಗಂಟನ್ನು ಕಲಿಯಬೇಕು. ಲೆಕ್ಕದ ಪ್ರಕಾರ ಅದು ಎಳೆತವನ್ನು ಮೂರು ಪಟ್ಟು ಮಾಡುತ್ತದೆ. ಹಗ್ಗಕ್ಕೆ ಹಗ್ಗ ಉಜ್ಜುವುದರಿಂದ ಅಷ್ಟು ಸಿಗದು, ಆದರೂ ಬರಿಗೈಯ ಎಳೆತಕ್ಕಿಂತ ಎಷ್ಟೋ ಮೇಲು.

ಪೆಟ್ರೋಲು, ಏಣಿ, ಕಾನೂನು

ಗರಗಸಕ್ಕೂ ಕಳೆ ಕೊಚ್ಚುವ ಯಂತ್ರಕ್ಕೂ ಪೆಟ್ರೋಲ್ ಬೇಕು. 10 ಲೀಟರಿನ ಲೋಹದ ಕ್ಯಾನನ್ನು ಹಿಂಬದಿಯಲ್ಲಿ, ಸ್ಟೆಪ್ನಿಯ ಪಕ್ಕದಲ್ಲಿ, ಸ್ಟೆಪ್ನಿಗಿಂತ ಹೊರಗೆ ಚಾಚದಂತೆ, ಹೊಗೆ ಕೊಳವೆಯಿಂದ ದೂರದಲ್ಲಿ ಆಂಗಲ್ ಕಬ್ಬಿಣದ ತಟ್ಟೆಯಲ್ಲಿ ಕೂರಿಸಿದ್ದೇನೆ. ತಟ್ಟೆಯ ನಾಲ್ಕೂ ಬದಿಗೆ ಕ್ಯಾನಿನ ಅರ್ಧ ಎತ್ತರದವರೆಗೆ ಕಟ್ಟು, ಮೇಲಿನಿಂದ ಒಂದು ಪಟ್ಟಿ, ಅಡಿಯಲ್ಲಿ ರಬ್ಬರು. ಕ್ಯಾನನ್ನು ಅಂಚಿನವರೆಗೆ ತುಂಬದೆ ಆವಿ ಹಿಗ್ಗಲು ಜಾಗ ಬಿಡಬೇಕು. ತುಂಬುವಾಗ ಗಾಡಿಯಿಂದ ಇಳಿಸಿ ನೆಲದ ಮೇಲಿಟ್ಟೇ ತುಂಬಬೇಕು. ರಬ್ಬರ್ ಹಾಸಿನ ಮೇಲಿಟ್ಟು ತುಂಬಿದರೆ ಸ್ಥಿರ ವಿದ್ಯುತ್ತು ಭೂಮಿಗೆ ಇಳಿಯದೆ ಕಿಡಿ ಹಾರಬಹುದು. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ 30 ಲೀಟರ್ ಮೀರದಂತೆ ಮಾತ್ರ ಇಟ್ಟುಕೊಳ್ಳಬಹುದು, ಲೋಹದ ಪಾತ್ರೆ 25 ಲೀಟರ್ ಮೀರಿರಬಾರದು.

ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿಗೆ ಈ ಜೀಪಿನಲ್ಲಿ ಜಾಗ ಕೊಟ್ಟಿಲ್ಲ. ಹುಡ್‌ನ ಕಮಾನು ಭಾರ ಹೊರಲು ಮಾಡಿದ್ದಲ್ಲ. ಅದಕ್ಕಿಂತ ದೊಡ್ಡ ಕಾರಣ, ಗಾಡಿಯ ಮೇಲೆ ನಿಂತು ಏಣಿ ಇಳಿಸುವವನ ಕೈಯಲ್ಲಿ ಅದರ ತುದಿ ತೋಟದ ಮೇಲೆ ಹಾಯುವ ಕರೆಂಟಿನ ತಂತಿಯನ್ನು ಮುಟ್ಟಬಹುದು. ತೋಟಗಳಲ್ಲಿ ಹೀಗೆ ಜೀವ ಹೋದ ಸುದ್ದಿ ಮತ್ತೆ ಮತ್ತೆ ಬರುತ್ತಲೇ ಇದೆ. ಏಣಿ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಮಲಗಿಯೇ ಹೋಗಬೇಕು, ಹೆಗಲ ಮಟ್ಟದಲ್ಲಿಯೇ ಇಳಿಯಬೇಕು.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ವಿವರ ಬದಲಾಗುವಂಥ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ. ಒಳಗೆ ಬೋಲ್ಟಿನಿಂದ ಕೂರಿಸಿ, ಬಿಚ್ಚಿದರೆ ಮೊದಲಿನಂತಾಗುವ ಬ್ರಾಕೆಟ್ಟುಗಳನ್ನೇ ಆಯ್ದದ್ದಕ್ಕೆ ಇದೂ ಒಂದು ಕಾರಣ; ಆಸನಗಳನ್ನಾಗಲಿ, ಗಾಡಿಯ ಉದ್ದ ಅಗಲವನ್ನಾಗಲಿ ಮುಟ್ಟಿಲ್ಲ.

ಪರೀಕ್ಷೆ

ಜೋಡಣೆ ಮುಗಿದ ಮೇಲೆ ಪ್ರತಿ ನಟ್ಟಿನ ಮೇಲೂ, ಅದರ ಪಕ್ಕದ ತಟ್ಟೆಯ ಮೇಲೂ ಸೇರಿ ಹಾಯುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆದೆ. ನಟ್ಟು ಕೂದಲಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಹತ್ಯಾರುಗಳು ಗೂಡಿಗೆ ತಾಗುವ ಜಾಗಕ್ಕೆಲ್ಲ ಸೀಮೆಸುಣ್ಣ ತಿಕ್ಕಿ, ಹಳ್ಳದ ದಾರಿಯಿಂದ ಮೇಲಿನ ಕಣದವರೆಗೆ, ಮತ್ತೆ ಅಲ್ಲಿಂದ ಟಾರು ರಸ್ತೆಗೆ ಹೋಗಿ ಖಾಲಿ ಜಾಗದಲ್ಲಿ ಜೋರಾಗಿ ಬ್ರೇಕ್ ಹೊಡೆದು ಬಂದೆ. ಸುಣ್ಣ ಅಳಿಸಿಹೋದ ಕಡೆ ಹತ್ಯಾರು ಉಜ್ಜಾಡಿದೆ ಎಂದು ಅರ್ಥ. ಹಾರೆಯ ಕೊಳವೆಯಲ್ಲಿ ಸುಣ್ಣ ಹಾಗೆಯೇ ಇತ್ತು. ಪಿಕಾಸಿಯ ಕಾವಿನ ಬುಡದಲ್ಲಿ ಬೆರಳಗಲ ಅಳಿಸಿತ್ತು. ಕಾವು ಆ ತುದಿಯಲ್ಲಿ ತೆಳ್ಳಗಾಗುವುದರಿಂದ ಅಲ್ಲಿ ಕ್ಲಾಂಪು ಸರಿಯಾಗಿ ಹಿಡಿಯುತ್ತಿರಲಿಲ್ಲ. ಕಾವಿಗೆ ಟ್ಯೂಬಿನ ತೋಳು ತೊಡಿಸಿ ಮತ್ತೆ ಅದೇ ದಾರಿ ಹೋಗಿ ಬಂದಾಗ ಸುಣ್ಣ ಉಳಿದಿತ್ತು.

ಕೊನೆಗೆ ಕೂರಿಸಿದ್ದು 2 ಕೆಜಿಯ ಎಬಿಸಿ ಒಣಪುಡಿಯ ಬೆಂಕಿ ಆರಿಸುವ ಸಿಲಿಂಡರು. ಹಿಂದೆ ಪೆಟ್ರೋಲ್ ಇರುವುದರಿಂದ ಅದು ಹಿಂದಿರಕೂಡದು. ಚಾಲಕನ ಸೀಟಿನ ಮುಂದೆ, ಕೂತಲ್ಲಿಂದಲೇ ಎಡಗೈಗೆ ಎಟುಕುವ ಹಾಗೆ, ಆದರೆ ಪೆಡಲುಗಳ ದಾರಿಗೆ ಬರದಂತೆ ಲೋಹದ ಎರಡು ಪಟ್ಟಿಗಳಿಂದ ಬಿಗಿದಿದ್ದೇನೆ. ಪ್ಲಾಸ್ಟಿಕ್ ಹಿಡಿಕೆ ಈ ದಾರಿಗೆ ತಾಳುವುದಿಲ್ಲ. ಅದುರಾಟಕ್ಕೆ ಒಳಗಿನ ಪುಡಿ ತಳದಲ್ಲಿ ಗಟ್ಟಿಯಾಗಿ ಕೂರಬಹುದಾದ್ದರಿಂದ ನಟ್ಟುಗಳ ಬಿಳಿ ಗೆರೆ ನೋಡುವ ದಿನವೇ ಸಿಲಿಂಡರನ್ನೂ ಬಿಚ್ಚಿ, ತಲೆಕೆಳಗು ಮಾಡಿ ಅಲ್ಲಾಡಿಸಿ, ಮುಳ್ಳು ಹಸಿರಿನಲ್ಲಿದೆಯೇ ಎಂದು ನೋಡಿ ಮತ್ತೆ ಬಿಗಿಯುತ್ತೇನೆ.